ಮೆಣಸಿನಕಾಯಿ, ಅಂಜೂರ ಒಣಗಿಸಲು ಹೀಟ್ ಪಂಪ್: ಯಾವ ಬಗೆ ಒಳ್ಳೇದು, ಯಾರಿಗೆ ಲಾಭ?

ಕುರುಗೋಡು ಕಡೆಯಿಂದ ರೈತರೊಬ್ಬರು ಫೋನ್ ಮಾಡಿದ್ದರು. ಐದು ಎಕರೆ ಮೆಣಸಿನಕಾಯಿ, ಒಂದು ಎಕರೆ ಅಂಜೂರ ಇದೆಯಂತೆ.

"ಸರ್, ಹೀಟ್ ಪಂಪ್ ಡ್ರೈಯರ್ ಅಂತ ಒಂದು ಯಂತ್ರ ಬಂದದ. ಆರು ಲಕ್ಷದ ಕೊಟೇಶನ್ ಕೊಟ್ಟು ಹೋಗ್ಯಾರ. ಮಾಮೂಲಿ ಹೀಟರಿಗಿಂತ ಕಾಲು ಭಾಗ ಕರೆಂಟು ಸಾಕು ಅಂತಾರ. ಬ್ಯಾಂಕಿನವರು ಸಾಲಾನೂ ಕೊಡ್ತೀವಿ ಅಂದಾರ. ತಗೊಳ್ಳಲೋ ಬ್ಯಾಡೋ, ಒಂದು ಮಾತು ಹೇಳ್ರಿ."

ಅವರು ಯಾಕೆ ಕೇಳಿದ್ರು ಅನ್ನೋದಕ್ಕೂ ಕಾರಣ ಇತ್ತು. ಹೋದ ವರ್ಷ ಎರಡನೇ ಸಲ ಬಿಡಿಸಿದ ಕಾಯಿ ಕಣದಲ್ಲಿ ಅರ್ಧ ಒಣಗಿತ್ತು. ಅಷ್ಟರಲ್ಲಿ ಮೋಡ ಕವಿದು ಮಳೆ ಹಿಡಿಯಿತು. "ಮೂರು ರಾತ್ರಿ ತಾಡಪತ್ರಿ ಮುಚ್ಚಿ ಕಾದ್ವಿ ಸರ್. ತೆಗೆದು ನೋಡಿದ್ರೆ ಒಳಗೆಲ್ಲ ಬೂಷ್ಟು. ಬಿಸಿಲಿಗೆ ಹಾಕಿದ ಮ್ಯಾಲೆ ಕಾಯಿ ಬೆಳ್ಳಗಾತು. ಕೆಂಪು ಕಾಯಿ ರೇಟು ಒಂದು, ಬಿಳಿಚಿದ ಕಾಯಿ ರೇಟು ಇನ್ನೊಂದು. ಗೊಬ್ಬರದಂಗಡಿ ಬಾಕಿ ಹಂಗೇ ಉಳೀತು."

ಆರು ಲಕ್ಷದ ಸಾಲದ ವಿಷಯವನ್ನು ಫೋನಿನಲ್ಲಿ ಹತ್ತು ನಿಮಿಷದಲ್ಲಿ ಹೇಳಿ ಮುಗಿಸೋದು ಸರಿಯಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಇದೇ ಯೋಚನೆಯಲ್ಲಿ ಇರುವವರು ಇನ್ನೂ ಇರಬಹುದು. ಅದಕ್ಕೆ ಈ ವಾರ ಲೆಕ್ಕ ಸಮೇತ ಬರೆಯುತ್ತಿದ್ದೇವೆ.

ಹೀಟ್ ಪಂಪ್ ಅಂದ್ರೆ ಏನು?

ಹೊಸ ವಸ್ತುವೇನಲ್ಲ. ನಿಮ್ಮ ಮನೆಯ ಫ್ರಿಜ್ಜಿನ ಹಿಂದೆ ಅಥವಾ ಪಕ್ಕಕ್ಕೆ ಕೈ ಇಟ್ಟು ನೋಡ್ರಿ, ಬೆಚ್ಚಗಿರುತ್ತೆ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುವುದೇ ಫ್ರಿಜ್ಜಿನ ಕೆಲಸ. ಎಸಿಯದೂ ಅದೇ ಕೆಲಸ. ಬಾವಿಯಿಂದ ನೀರೆತ್ತುವ ಪಂಪಿನ ಹಾಗೆ ಇದು ಒಂದು ಕಡೆಯ ಶಾಖವನ್ನು ಎತ್ತಿ ಇನ್ನೊಂದು ಕಡೆ ಸುರಿಯುತ್ತೆ. ನಮಗೆ ಬೇಕಾದದ್ದು ತಂಪು ಆಗಿದ್ದರೆ ಅದಕ್ಕೆ ಎಸಿ ಅನ್ನುತ್ತೇವೆ, ಶಾಖ ಆಗಿದ್ದರೆ ಹೀಟ್ ಪಂಪ್.

ಮಾಮೂಲಿ ಕಾಯಿಲ್ ಹೀಟರ್ ಒಂದು ಯೂನಿಟ್ ಕರೆಂಟಿನಿಂದ ಒಂದು ಯೂನಿಟ್ ಶಾಖವನ್ನಷ್ಟೇ ಕೊಡುತ್ತೆ. ಹೀಟ್ ಪಂಪ್ ಒಂದು ಯೂನಿಟ್ ಕರೆಂಟು ತಿಂದು ಮೂರು ಯೂನಿಟ್ ಆಸುಪಾಸು ಶಾಖ ಕೊಡಬಲ್ಲದು. ಇದರಲ್ಲಿ ಮಾಯ ಏನೂ ಇಲ್ಲ, ಉಳಿದ ಎರಡು ಯೂನಿಟ್ ಗಾಳಿಯಲ್ಲಿ ಮೊದಲೇ ಇದ್ದ ಶಾಖ.

ಚಳಿ ದೇಶಗಳಲ್ಲಿ ಇದರಿಂದ ಮನೆಗಳನ್ನೇ ಬೆಚ್ಚಗಿಡುತ್ತಾರೆ. ಅಲ್ಲಿ ಮುಖ್ಯವಾಗಿ ಮೂರು ಬಗೆ: ಹೊರಗಿನ ಗಾಳಿಯಿಂದ ಶಾಖ ತೆಗೆಯುವುದು, ನೆಲದಲ್ಲಿ ಪೈಪ್ ಹೂತು ತೆಗೆಯುವುದು, ಕೆರೆ ಬಾವಿಯ ನೀರಿನಿಂದ ತೆಗೆಯುವುದು. ಹಿಮ ಬೀಳುವಾಗ ಗಾಳಿಗಿಂತ ನೆಲ ಬೆಚ್ಚಗಿರುತ್ತೆ, ಹಾಗಾಗಿ ಅಲ್ಲಿ ನೆಲ ಅಗೆಯುವ ಖರ್ಚಿಗೆ ಅರ್ಥ ಇದೆ.

ನಮ್ಮ ಬಳ್ಳಾರಿಯಲ್ಲಿ ಮನೆ ಬೆಚ್ಚಗೆ ಮಾಡುವ ಯಂತ್ರ ಇಡುತ್ತೇನೆ ಅಂದ್ರೆ ಜನ ನಕ್ಕಾರು. ಆದರೆ ಶಾಖ ನಮಗೂ ಬೇಕು, ಕಣದಲ್ಲಿ ಬೇಕು. ಹೀಟ್ ಪಂಪ್ ಎಷ್ಟು ಕಡಿಮೆ ಮೆಟ್ಟಿಲು ಹತ್ತಬೇಕೋ ಅಷ್ಟು ಕಡಿಮೆ ಕರೆಂಟು ತಿನ್ನುತ್ತೆ. ಚಳಿ ದೇಶದಲ್ಲಿ ಸೊನ್ನೆ ಡಿಗ್ರಿ ಗಾಳಿಯಿಂದ 45 ಡಿಗ್ರಿಗೆ ಏರಬೇಕು. ನಮ್ಮಲ್ಲಿ ಜನವರಿ ಮಧ್ಯಾಹ್ನದ ಗಾಳಿಯೇ 30 ಡಿಗ್ರಿ ಇರುತ್ತೆ, ಅಲ್ಲಿಂದ 55ಕ್ಕೆ ಏರಿದರೆ ಸಾಕು. ಅಂದ್ರೆ ನಮ್ಮ ಸೀಮೆಗೆ ಗಾಳಿಯಿಂದ ಶಾಖ ತೆಗೆಯುವ ಬಗೆಯೇ ಸರಿ. ನೆಲ ಅಗೆಯುವ ಬಗೆಯ ಮಾತು ಯಾರಾದರೂ ಎತ್ತಿದರೆ ಮುಂದೆ ಕೇಳೋದೇ ಬೇಡ.

ಡ್ರೈಯರಿನಲ್ಲಿ ಮೂರು ಬಗೆ

ಗಾಳಿ ಬಳಸುವ ಹೀಟ್ ಪಂಪ್ ಡ್ರೈಯರ್‌ಗಳಲ್ಲಿಯೂ ಬಗೆಗಳಿವೆ. ಕೊಟೇಶನ್ ಕೊಡುವವರು ಇದನ್ನು ಬಿಡಿಸಿ ಹೇಳೋದು ಕಡಿಮೆ.

*1. ತೆರೆದ ಬಗೆ.* ಹೊರಗಿನ ಗಾಳಿ ಒಳಗೆ ಬಂದು, ಬಿಸಿಯಾಗಿ, ಟ್ರೇಗಳ ಮೇಲೆ ಹಾದು, ಕಾಯಿಯ ನೀರು ಹೀರಿಕೊಂಡು ಹೊರಗೆ ಹೋಗುತ್ತೆ. ರಚನೆ ಸರಳ, ಬೆಲೆ ಕಡಿಮೆ, ರಿಪೇರಿ ಸುಲಭ. ಕೊರತೆ ಅಂದ್ರೆ ಬಿಸಿ ಮಾಡಿದ ಗಾಳಿಯನ್ನು ಹೊರಗೆ ಬಿಟ್ಟುಬಿಡುತ್ತೆ, ಶಾಖ ಪೋಲಾಗುತ್ತೆ. ಹೊರಗಿನ ದೂಳೂ ಒಳಗೆ ಬರುತ್ತೆ.

*2. ಮುಚ್ಚಿದ ಬಗೆ.* ಒಳಗಿನ ಗಾಳಿ ಒಳಗೇ ತಿರುಗುತ್ತೆ. ಕಾಯಿಯ ಮೇಲೆ ಹಾದು ತೇವಗೊಂಡ ಗಾಳಿ ಯಂತ್ರದ ತಂಪು ಕಾಯಿಲ್‌ಗೆ ತಾಗಿದಾಗ, ತಣ್ಣನೆ ಲೋಟದ ಹೊರಗೆ ಹನಿ ಕೂರುವ ಹಾಗೆ ನೀರು ಇಳಿಯುತ್ತೆ. ಒಣಗಿದ ಗಾಳಿ ಬಿಸಿ ಕಾಯಿಲ್ ದಾಟಿ ಮತ್ತೆ ಟ್ರೇಗೆ ಬರುತ್ತೆ. ಹೊರಗೆ ಮಳೆ, ಮಂಜು ಏನಿದ್ದರೂ ಇದಕ್ಕೆ ಸಂಬಂಧ ಇಲ್ಲ. ದೂಳು ಬರಲ್ಲ, ವಾಸನೆ ಉಳಿಯುತ್ತೆ. ಕೊರತೆ ಎರಡು. ಕೊನೆ ಹಂತದಲ್ಲಿ ಕಾಯಿಯಿಂದ ನೀರು ನಿಧಾನಕ್ಕೆ ಬರುವಾಗ ತಂಪು ಕಾಯಿಲ್ ಮೇಲೆ ಇಳಿಯುವ ನೀರು ಕಡಿಮೆ, ಕರೆಂಟು ಮಾತ್ರ ಉರಿಯುತ್ತಲೇ ಇರುತ್ತೆ. ಎರಡನೇದು, ಕಂಪ್ರೆಸರಿನ ಶಾಖ ಒಳಗೇ ಉಳಿದು ಏರುತ್ತ ಹೋಗುತ್ತೆ. ಅದನ್ನು ಹೊರಹಾಕುವ ವ್ಯವಸ್ಥೆ ಬೇರೆ ಬೇಕು, ಹಾಗಾಗಿ ಬೆಲೆಯೂ ಹೆಚ್ಚು.

*3. ಅರ್ಧ ತೆರೆದ ಬಗೆ.* ಗಾಳಿಯ ಒಂದು ಭಾಗ ಒಳಗೆ ತಿರುಗುತ್ತೆ, ಒಂದು ಭಾಗ ಹೊರಗೆ ಹೋಗುತ್ತೆ. ಎಷ್ಟು ಬಿಡಬೇಕು ಅನ್ನೋದನ್ನು ಬಾಗಿಲಿನಂಥ ಪಟ್ಟಿಯಿಂದ ಹೊಂದಿಸಬಹುದು. ಹೊರಹೋಗುವ ಬಿಸಿ ಗಾಳಿಯಿಂದ ಒಳಬರುವ ಗಾಳಿಯನ್ನು ಬೆಚ್ಚಗೆ ಮಾಡುವ ವ್ಯವಸ್ಥೆಯೂ ಕೆಲವದರಲ್ಲಿ ಇರುತ್ತೆ.

"ಮಳೆ ಬಂದರೂ ಒಣಗಿಸಬೇಕಲ್ಲ, ಹಾಗಾದರೆ ಮುಚ್ಚಿದ ಬಗೆಯೇ ಬೇಕಲ್ವಾ?" ಅಂತ ಅನಿಸುತ್ತೆ. ಲೆಕ್ಕ ಹಾಕಿದರೆ ಹಾಗಿಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ ಗಾಳಿ 33 ಡಿಗ್ರಿ, ತೇವಾಂಶ ಶೇ. 30 ಅಂತ ಇಟ್ಟುಕೊಳ್ಳಿ. ಅದನ್ನೇ 55 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಶೇ. 10ಕ್ಕೆ ಇಳಿಯುತ್ತೆ. ಮಳೆ ದಿನ 24 ಡಿಗ್ರಿ, ಶೇ. 90 ತೇವ ಇರುವ ಗಾಳಿಯನ್ನು 55ಕ್ಕೆ ಬಿಸಿ ಮಾಡಿದರೂ ಅದು ಶೇ. 17ಕ್ಕೆ ಇಳಿಯುತ್ತೆ. ಅದೂ ಕಾಯಿ ಒಣಗಿಸೋಕೆ ಸಾಕಷ್ಟು ಒಣ ಗಾಳಿಯೇ. ಕರೆಂಟು ಸ್ವಲ್ಪ ಜಾಸ್ತಿ ಆಗುತ್ತೆ, ಅಷ್ಟೇ. ಕರಾವಳಿ, ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಮಳೆ ಹಿಡಿಯುವ ಕಡೆ ಮುಚ್ಚಿದ ಬಗೆಗೆ ಅರ್ಥ ಇದೆ. ನಮ್ಮ ಒಣ ಸೀಮೆಯಲ್ಲಿ ಅರ್ಧ ತೆರೆದ ಬಗೆ ಸಾಕು, ಅದಕ್ಕಿಂತ ದುಬಾರಿಯದಕ್ಕೆ ಹೋಗುವ ಅಗತ್ಯ ಕಾಣಲ್ಲ.

ಕರೆಂಟಿನ ಲೆಕ್ಕ: ಕಾಲು ಭಾಗ ಅನ್ನೋದು ನಿಜಾನಾ?

ಗಿಡದಿಂದ ಆಗ ಬಿಡಿಸಿದ ಹಣ್ಣುಗಾಯಿಯಲ್ಲಿ ಶೇ. 75ರ ಆಸುಪಾಸು ನೀರಿರುತ್ತೆ. ಚೀಲಕ್ಕೆ ತುಂಬುವಾಗ ಶೇ. 10ರಿಂದ 11ಕ್ಕೆ ಇಳಿದಿರಬೇಕು. ಅಂದ್ರೆ 1 ಕ್ವಿಂಟಲ್ ಒಣಕಾಯಿ ಆಗಬೇಕಾದರೆ 360 ಕೆಜಿ ಹಸಿಕಾಯಿ ಬೇಕು, 260 ಕೆಜಿ ನೀರು ಹೋಗಬೇಕು. ನಾವು ಒಣಗಿಸುವುದು ಕಾಯಿಯನ್ನಲ್ಲ, ನೀರನ್ನು. ಹಾಗಾಗಿ ಖರ್ಚನ್ನೂ ನೀರಿನ ಮೇಲೇ ಹಾಕಬೇಕು.

ಕಾಯಿಲ್ ಹೀಟರ್ ಡ್ರೈಯರ್ ಒಂದು ಯೂನಿಟ್‌ಗೆ 700 ಗ್ರಾಂ ನೀರು ತೆಗೆಯುತ್ತೆ ಅಂತ ಹಿಡಿಯೋಣ. ಚೆನ್ನಾಗಿ ನಡೆಸಿದ ಹೀಟ್ ಪಂಪ್ ಒಂದೂವರೆ ಕೆಜಿ ತೆಗೆಯುತ್ತೆ ಅಂತ ಇಟ್ಟುಕೊಳ್ಳೋಣ. ಯೂನಿಟ್‌ಗೆ ₹7.50 ಲೆಕ್ಕಕ್ಕೆ ಹಿಡಿದರೆ, 1 ಕ್ವಿಂಟಲ್ ಒಣಕಾಯಿಗೆ:

- ಕಾಯಿಲ್ ಹೀಟರ್: ಸುಮಾರು 370 ಯೂನಿಟ್, ₹2,800
- ಹೀಟ್ ಪಂಪ್: ಸುಮಾರು 173 ಯೂನಿಟ್, ₹1,300

ಅರ್ಧಕ್ಕಿಂತ ಕಡಿಮೆ ಆಯಿತು, ಆದರೆ ಕಾಲು ಭಾಗ ಅಲ್ಲ. ಪಂಪಿನದಷ್ಟೇ ಲೆಕ್ಕ ಹೇಳಿದರೆ ಕಾಲು ಭಾಗ ಅನಿಸಬಹುದು. ಫ್ಯಾನಿನ ಕರೆಂಟು, ಬಾಗಿಲ ಸಂದಿಯಲ್ಲಿ ಹೋಗುವ ಶಾಖ, ಟ್ರೇ ಮತ್ತು ಗೋಡೆ ಬಿಸಿಯಾಗುವ ಖರ್ಚು ಎಲ್ಲ ಸೇರಿದರೆ ಹಾಗಿರಲ್ಲ. ಮೆಣಸಿನಕಾಯಿ ಸಿಪ್ಪೆ ಬೇರೆ ಮೇಣದಂತಿದ್ದು ನೀರನ್ನು ಬೇಗ ಬಿಡಲ್ಲ.

ಈಗ ಇನ್ನೊಂದು ಲೆಕ್ಕ ನೋಡ್ರಿ. ನಮ್ಮ ಕಡೆ ಕಾಯಿಯನ್ನು ಗಿಡದಲ್ಲೇ ಬಾಡಲು ಬಿಟ್ಟು, ಆಮೇಲೆ ಕಣದಲ್ಲಿ ಎರಡು ಮೂರು ದಿನ ಬಿಸಿಲು ತೋರಿಸಿದರೆ ನೀರು ಶೇ. 50ಕ್ಕೆ ಬಂದಿರುತ್ತೆ ಅನ್ನೋಣ. ಆಗ 180 ಕೆಜಿ ಕಾಯಿಯಿಂದ 1 ಕ್ವಿಂಟಲ್ ಒಣಕಾಯಿ ಬರುತ್ತೆ. ಯಂತ್ರ ತೆಗೆಯಬೇಕಾದ ನೀರು 80 ಕೆಜಿ ಮಾತ್ರ. ಉಳಿದ 180 ಕೆಜಿ ನೀರನ್ನು ಬಿಸಿಲು ಬಿಟ್ಟಿಯಾಗಿ ತೆಗೆದಿದೆ. ಕೊನೆ ಹಂತದ ನೀರು ನಿಧಾನ ಅಂತ ಯೂನಿಟ್‌ಗೆ 1.2 ಕೆಜಿ ಹಿಡಿದರೂ 67 ಯೂನಿಟ್, ₹500 ಆಯಿತು. ₹1,300 ಎಲ್ಲಿ, ₹500 ಎಲ್ಲಿ!

ಬಳ್ಳಾರಿಯ ಬಿಸಿಲಿಗೆ ಬಿಲ್ ಬರಲ್ಲ. ಅದು ಮಾಡುವ ಕೆಲಸವನ್ನು ಯಂತ್ರದಿಂದ ಮಾಡಿಸಬಾರದು. ಬಿಸಿಲಿನಿಂದ ಆಗದ ಕೆಲಸಕ್ಕೆ, ಅಂದ್ರೆ ರಾತ್ರಿ, ಮೋಡ, ಮಳೆ, ಕೊನೆಯ ಹಂತಕ್ಕೆ ಮಾತ್ರ ಯಂತ್ರ.

ಬೂಷ್ಟು ಹಿಡಿಯುವ ಹಂತ ಯಾವುದು?

ಕೊನೆಯ ಹಂತಕ್ಕೆ ಯಾಕೆ ಇಷ್ಟು ಒತ್ತು ಅಂದ್ರೆ, ಅಪಾಯ ಇರೋದೇ ಅಲ್ಲಿ. ಮೇಲೆ ಸಿಪ್ಪೆ ಒಣಗಿದೆ, ಒಳಗೆ ಬೀಜದ ಗೊಂಚಲು ಇನ್ನೂ ಹಸಿ ಇದೆ. ಅಂಥ ಕಾಯಿಯನ್ನು ರಾಶಿ ಹಾಕಿ ಮುಚ್ಚಿದರೆ ರಾಶಿ ಒಳಗೆ ಬಿಸಿಯೇರಿ ಬೆವರುತ್ತೆ, ಬೂಷ್ಟು ಹಿಡಿಯುತ್ತೆ. ಅಫ್ಲಾಟಾಕ್ಸಿನ್ ಎಂಬ ವಿಷ ಈ ಬೂಷ್ಟಿನಿಂದಲೇ ಬರೋದು. ಯುರೋಪಿನ ನಿಯಮದಲ್ಲಿ ಒಣಮೆಣಸಿನಕಾಯಿಗೆ ಒಟ್ಟು ಅಫ್ಲಾಟಾಕ್ಸಿನ್ ಕೆಜಿಗೆ 10 ಮೈಕ್ರೊಗ್ರಾಂ ದಾಟಬಾರದು, ಅದರಲ್ಲಿ ಬಿ1 ಬಗೆ 5 ಮೈಕ್ರೊಗ್ರಾಂ ದಾಟಬಾರದು. ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ ಅಂದ್ರೆ ಒಂದು ಮೈಕ್ರೊಗ್ರಾಂ. ಒಮ್ಮೆ ಬಂದ ವಿಷ ಆಮೇಲೆ ಎಷ್ಟು ಬಿಸಿಲಿಗೆ ಹಾಕಿದರೂ ಪೂರ್ತಿ ಹೋಗಲ್ಲ. ಮೇಲಿನ ಬೂಷ್ಟು ಒರೆಸಿ ತೆಗೆದರೂ ಒಳಗೆ ಉಳಿದಿರುತ್ತೆ.

ಬಣ್ಣದ ಮಾತೂ ಇದೆ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಬ್ಯಾಡಗಿ ಕಾಯಿಗೆ ಬೆಲೆ ಬರೋದು ಖಾರದಿಂದಲ್ಲ, ಬಣ್ಣದಿಂದ. ಅದರ ಬಣ್ಣ ತೆಗೆದು ಮಾರುವ ಕಾರ್ಖಾನೆಗಳೇ ಇವೆ. ದಿನಗಟ್ಟಲೆ ನೇರ ಬಿಸಿಲಿಗೆ ಬಿದ್ದ ಕಾಯಿ ಬಣ್ಣ ಕಳೆದುಕೊಳ್ಳುತ್ತೆ. ಹಾಗಂತ ಯಂತ್ರದಲ್ಲಿ 70 ಡಿಗ್ರಿ ಇಟ್ಟು ಬೇಗ ಮುಗಿಸೋಣ ಅಂದ್ರೆ ಅಲ್ಲೂ ಕಾಯಿ ಕಪ್ಪಾಗುತ್ತೆ. 50ರಿಂದ 60 ಡಿಗ್ರಿ ಒಳಗೇ ಇರಲಿ.

ಅತಿಯಾಗಿ ಒಣಗಿಸಿದರೂ ನಷ್ಟವೇ. ಶೇ. 10ಕ್ಕೆ ನಿಲ್ಲಿಸಬೇಕಾದದ್ದನ್ನು ಶೇ. 6ಕ್ಕೆ ಇಳಿಸಿದರೆ ಕ್ವಿಂಟಲಿಗೆ 4 ಕೆಜಿಗೂ ಹೆಚ್ಚು ತೂಕ ಹೋಯಿತು. ಕಾಯಿ ಮುರಿದು ಬೀಜ ಉದುರುವುದು ಬೇರೆ. ಇದಕ್ಕೊಂದು ಸುಲಭ ಉಪಾಯ ಇದೆ. ಒಂದು ಟ್ರೇಗೆ ಗುರುತು ಹಾಕಿ 10 ಕೆಜಿ ಕಾಯಿ ತೂಗಿ ಇಡಿ. ಹಸಿಕಾಯಿ ಆಗಿದ್ದರೆ ಅದು 2.8 ಕೆಜಿಗೆ, ಅರ್ಧ ಬಾಡಿದ ಕಾಯಿ ಆಗಿದ್ದರೆ 5.5 ಕೆಜಿಗೆ ಬಂದಾಗ ನಿಲ್ಲಿಸಿ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಬೀಜ ಗಿಲಗಿಲ ಅನ್ನಬೇಕು, ಮಡಿಚಿದರೆ ಕಾಯಿ ಪುಡಿಯಾಗಬಾರದು.

ಯಂತ್ರದ ಲೆಕ್ಕ: ವರ್ಷಕ್ಕೆ ಎಷ್ಟು ದಿನ ಓಡುತ್ತೆ?

ಬಗೆ ಯಾವುದು ಅನ್ನೋದಕ್ಕಿಂತ ಈ ಪ್ರಶ್ನೆ ದೊಡ್ಡದು.

₹6 ಲಕ್ಷದ ಯಂತ್ರ ಹತ್ತು ವರ್ಷ ಬಾಳುತ್ತೆ ಅಂದ್ರೆ ಸವಕಳಿ ವರ್ಷಕ್ಕೆ ₹60,000. ಬಡ್ಡಿ ಸರಾಸರಿ ₹30,000. ರಿಪೇರಿ, ಗ್ಯಾಸು, ಫಿಲ್ಟರ್ ₹10,000. ಒಟ್ಟು ₹1 ಲಕ್ಷ. ಯಂತ್ರ ಓಡಲಿ ಬಿಡಲಿ, ಈ ಖರ್ಚು ತಪ್ಪಲ್ಲ.

ಒಂದು ಸಲಕ್ಕೆ 500 ಕೆಜಿ ಹಿಡಿಯುವ ಯಂತ್ರ, ದಿನಕ್ಕೊಂದು ಲೋಡ್ ಅಂತ ಹಿಡಿಯೋಣ. 1 ಕ್ವಿಂಟಲ್ ಒಣಕಾಯಿಗೆ ಬೀಳುವ ಖರ್ಚು ಹೀಗೆ:

- ಹಸಿಕಾಯಿ ಹಾಕಿ ವರ್ಷಕ್ಕೆ 40 ದಿನ ಓಡಿಸಿದರೆ: ಯಂತ್ರದ್ದು ₹1,800, ಕರೆಂಟು ₹1,300, ಒಟ್ಟು ₹3,100
- ಅರ್ಧ ಬಾಡಿದ ಕಾಯಿ ಹಾಕಿ 40 ದಿನ ಓಡಿಸಿದರೆ: ಯಂತ್ರದ್ದು ₹900, ಕರೆಂಟು ₹500, ಒಟ್ಟು ₹1,400
- ನಾಲ್ಕಾರು ರೈತರು ಸೇರಿ ಅರ್ಧ ಬಾಡಿದ ಕಾಯಿಗೆ 120 ದಿನ ಓಡಿಸಿದರೆ: ಯಂತ್ರದ್ದು ₹300, ಕರೆಂಟು ₹500, ಒಟ್ಟು ₹800

ಟ್ರೇ ತುಂಬುವ, ಇಳಿಸುವ ಕೂಲಿ ಇದರಲ್ಲಿ ಸೇರಿಲ್ಲ.

ಯಂತ್ರ ಒಂದೇ, ಖರ್ಚು ₹3,100ರಿಂದ ₹800ಕ್ಕೆ ಇಳಿದದ್ದು ನೋಡಿದ್ರಲ್ಲ. ಕಾಯಿ ಕ್ವಿಂಟಲಿಗೆ ₹15,000 ಸಿಗುವ ವರ್ಷದಲ್ಲಿ ₹3,100 ಅಂದ್ರೆ ಐದನೇ ಒಂದು ಭಾಗ ಒಣಗಿಸೋದಕ್ಕೇ ಹೋಯಿತು. ದರ ಬಿದ್ದರಂತೂ ಹೇಳೋದೇ ಬೇಡ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು ರೈತರ ಸಿಟ್ಟು ಎಲ್ಲಿಗೆ ಹೋಯಿತು ಅನ್ನೋದನ್ನು ಯಾರೂ ಮರೆತಿಲ್ಲ. ಡ್ರೈಯರ್ ನಿಮ್ಮ ಕಾಯಿಯ ಗುಣಮಟ್ಟ ಉಳಿಸುತ್ತೆ, ಮಾರುಕಟ್ಟೆಯ ದರ ಏರಿಸಲ್ಲ. ಇವೆರಡನ್ನೂ ಬೆರೆಸಿ ಸಾಲ ಮಾಡಬೇಡಿ.

ಇನ್ನೊಂದು ತೊಡಕು ಇದೆ. ಐದು ಎಕರೆಯಲ್ಲಿ ಎಕರೆಗೆ 15 ಕ್ವಿಂಟಲ್ ಒಣಕಾಯಿ ಅಂದ್ರೆ 75 ಕ್ವಿಂಟಲ್. ಅದಕ್ಕೆ ಹಸಿಕಾಯಿ 270 ಕ್ವಿಂಟಲ್. ದಿನಕ್ಕೆ 5 ಕ್ವಿಂಟಲ್ ಹಿಡಿಯುವ ಯಂತ್ರಕ್ಕೆ 54 ದಿನ ಬೇಕು. ಬಿಡಿಸುವ ಕೂಲಿಯವರು ಸಿಕ್ಕಾಗ ಹೊಲ ಒಂದೇ ವಾರದಲ್ಲಿ ಬಿಡಿಸಿ ಆಗುತ್ತೆ. ಉಳಿದ ಕಾಯಿ ಎಲ್ಲಿ ಕಾಯಬೇಕು? ಕಣದಲ್ಲೇ. ಅಂದ್ರೆ ಯಂತ್ರ ಕೊಂಡರೂ ಕಣ ಬಿಡೋಕೆ ಆಗಲ್ಲ.

ಅಂಜೂರಕ್ಕೆ ಲೆಕ್ಕ ಬೇರೆ

ಮೆಣಸಿನಕಾಯಿಯನ್ನು ಕಣದಲ್ಲಿ ನಾಲ್ಕು ದಿನ ಇಡಬಹುದು. ಹಣ್ಣಾದ ಅಂಜೂರ ಹೊರಗೆ ಎರಡು ಮೂರು ದಿನಕ್ಕಿಂತ ಹೆಚ್ಚು ತಡೆಯಲ್ಲ. ಹುಳಿ ಬರುತ್ತೆ, ನೊಣ ಮುತ್ತುತ್ತೆ. ಪೇಟೆಗೆ ಒಂದೇ ಸಲ ಹಣ್ಣು ಬಂದಾಗ ವ್ಯಾಪಾರಿ ಹೇಳಿದ್ದೇ ದರ. ಬಿಸಿಲಿನಲ್ಲಿ ಒಣಗಿಸಿದರೆ ದೂಳು ಅಂಟಿಕೊಳ್ಳುತ್ತೆ, ಅಂಟು ಹಣ್ಣು ತೊಳೆಯೋಕೂ ಬರಲ್ಲ. ಹಾಗಾಗಿ ಹೀಟ್ ಪಂಪ್ ಮೊದಲು ಸಲ್ಲಬೇಕಾದದ್ದು ಅಂಜೂರಕ್ಕೆ.

ಹಣ್ಣಿನಲ್ಲಿ ಶೇ. 80 ನೀರು ಅಂತ ಹಿಡಿದರೆ, 100 ಕೆಜಿ ಹಣ್ಣಿಗೆ ಶೇ. 20 ತೇವದ 25 ಕೆಜಿ ಒಣ ಅಂಜೂರ ಬರುತ್ತೆ. ಕರೆಂಟು 62 ಯೂನಿಟ್, ಸುಮಾರು ₹470. ಅಂದ್ರೆ ಒಣ ಅಂಜೂರದ ಕೆಜಿಗೆ ₹19. 300 ಕೆಜಿ ಹಣ್ಣಿಗೆ ಎರಡು ದಿನ ಹಿಡಿದು, ವರ್ಷಕ್ಕೆ 120 ದಿನ ಓಡುವ ಯಂತ್ರದ ಪಾಲು ಸೇರಿಸಿದರೆ ಇನ್ನೊಂದು ₹22. ಒಟ್ಟು ಕೆಜಿಗೆ ₹41. ತಾಜಾ ಹಣ್ಣು ಕೆಜಿಗೆ ₹40 ಅಂದ್ರೆ 4 ಕೆಜಿಗೆ ₹160. ಕೂಲಿ, ಪ್ಯಾಕಿಂಗ್ ಸೇರಿಸಿದರೂ ಅಂಗಡಿಯ ಒಣ ಅಂಜೂರದ ದರದ ಮುಂದೆ ಇದು ಸಣ್ಣ ಮೊತ್ತ.

ಆದರೆ ಒಂದು ಎಚ್ಚರ. ಅಂಗಡಿಯಲ್ಲಿ ದಾರಕ್ಕೆ ಪೋಣಿಸಿ ಮಾರುವ ದಪ್ಪ ಅಂಜೂರ ಬೇರೆ ತಳಿ, ಹೊರದೇಶದ್ದು. ನಮ್ಮ ಹಣ್ಣಿಗೆ ಅದೇ ದರ ಸಿಗುತ್ತೆ ಅಂತ ಎಣಿಸಬೇಡಿ. ಮೊದಲು 20 ಕೆಜಿ ಹಣ್ಣು ಯಾರದ್ದಾದರೂ ಡ್ರೈಯರಿನಲ್ಲಿ ಒಣಗಿಸಿ, ಬಳ್ಳಾರಿ ನಗರದ ನಾಲ್ಕು ಡ್ರೈಫ್ರೂಟ್ ಅಂಗಡಿಗೆ ತೋರಿಸಿ, ಅವರು ಹೇಳಿದ ದರವನ್ನು ಬರೆದಿಟ್ಟುಕೊಂಡು ಬನ್ನಿ. ಆಮೇಲೆ ಯಂತ್ರದ ಮಾತು.

ಸಿರುಗುಪ್ಪದ ಭತ್ತಕ್ಕೆ ಬೇಡ

ತುಂಗಭದ್ರೆ ದಂಡೆಯ ಭತ್ತದ ರೈತರೂ ಇದನ್ನೇ ಕೇಳುವುದುಂಟು. ಯಂತ್ರದಿಂದ ಕೊಯ್ದ ಭತ್ತ ಶೇ. 22 ತೇವ ಇದ್ದರೆ, ಅದನ್ನು 14ಕ್ಕೆ ಇಳಿಸಲು ಕ್ವಿಂಟಲಿಗೆ 8 ಯೂನಿಟ್ ಸಾಕು, ₹60. ಕೇಳೋಕೆ ಅಗ್ಗ. ಆದರೆ ಭತ್ತ ಬರೋದು ಟ್ರ್ಯಾಕ್ಟರ್‌ಗಟ್ಟಲೆ. 5 ಕ್ವಿಂಟಲ್ ಹಿಡಿಯುವ ಟ್ರೇ ಯಂತ್ರಕ್ಕೆ ಅದು ಸಮುದ್ರಕ್ಕೆ ಲೋಟ ಹಿಡಿದ ಹಾಗೆ. ಭತ್ತದ ಹೊಟ್ಟು ಉರಿಸಿ ಬಿಸಿ ಗಾಳಿ ಕೊಡುವ ದೊಡ್ಡ ಡ್ರೈಯರ್ ಭತ್ತಕ್ಕೆ ಸರಿ. ನಮ್ಮಲ್ಲಿ ಹೊಟ್ಟಿಗೆ ಬರ ಇಲ್ಲ. ಬೆಂಬಲ ಬೆಲೆ ಕೇಂದ್ರದಲ್ಲಿ ಶೇ. 17 ತೇವದವರೆಗೆ ತೆಗೆದುಕೊಳ್ಳುತ್ತಾರೆ, ಹಾಗಾಗಿ ಎರಡು ದಿನ ಬಿಸಿಲು ಸಿಕ್ಕರೆ ಯಂತ್ರದ ಗೊಡವೆಯೇ ಬೇಡ.

ಮನೆಯ ಬಿಸಿನೀರಿಗೂ ಹೀಟ್ ಪಂಪ್ ಸಿಗುತ್ತೆ. ಹಾಸ್ಟೆಲ್, ಲಾಡ್ಜ್, ಕಲ್ಯಾಣ ಮಂಟಪ ನಡೆಸುವವರಿಗೆ ಅದು ಒಳ್ಳೇದು. ಐದಾರು ಜನರ ಮನೆಗೆ ಮಾಳಿಗೆ ಮೇಲಿನ ಸೋಲಾರ್ ಹೀಟರೇ ಸಾಕು.

ಮೊದಲು ಕಡಿಮೆ ಖರ್ಚಿನ ದಾರಿ

ಮೆಣಸಿನಕಾಯಿ ಮಾತ್ರ ಬೆಳೆಯುವವರು ಯಂತ್ರಕ್ಕೆ ಮೊದಲು ಇವನ್ನು ಮಾಡಿ:

- ಮಣ್ಣಿನ ಕಣದಲ್ಲಿ ಹಾಕಬೇಡಿ. ಸಿಮೆಂಟ್ ಕಣ ಅಥವಾ ತಾಡಪತ್ರಿ ಮೇಲೆ ತೆಳುವಾಗಿ ಹರಡಿ. ನೆಲದಿಂದ ಒಂದಡಿ ಎತ್ತರದ ಬಲೆ ಹಾಸು ಇದ್ದರೆ ಇನ್ನೂ ಒಳ್ಳೇದು, ಕೆಳಗಿನಿಂದಲೂ ಗಾಳಿ ಆಡುತ್ತೆ.
- ಸಂಜೆ ರಾಶಿ ಮಾಡಿ ಮುಚ್ಚಿ, ಮಂಜು ಬೀಳದಂತೆ ನೋಡಿಕೊಳ್ಳಿ. ಬೆಳಿಗ್ಗೆ ಬಿಸಿಲೇರಿದ ಕೂಡಲೇ ತೆರೆಯಿರಿ. ಮಳೆಗೆ ಮುಚ್ಚಿದಾಗಲೂ ತಾಡಪತ್ರಿ ಕಾಯಿಗೆ ತಾಗದ ಹಾಗೆ ಕೋಲು ಕೊಟ್ಟು ಎತ್ತಿ, ಎರಡೂ ತುದಿ ಗಾಳಿಗೆ ಬಿಡಿ.
- ಬೂಷ್ಟು, ಬಿಳಿ, ಮುರುಕು ಕಾಯಿಯನ್ನು ಮೊದಲ ದಿನವೇ ಬೇರೆ ಮಾಡಿ.
- ಪಾಲಿಹೌಸ್ ಮಾದರಿಯ ಸೋಲಾರ್ ಡ್ರೈಯರ್ ನೋಡಿ. ಕರೆಂಟು ಬೇಕಿಲ್ಲ, ಸಣ್ಣ ಫ್ಯಾನ್ ಇದ್ದರೆ ಸಾಕು. ದೂಳು, ಮಂಜು, ದನ, ಕೋಳಿ ಯಾವುದರ ಕಾಟವೂ ಇಲ್ಲ. ಮಳೆ ಬಂದರೆ ಓಡಾಟ ಇಲ್ಲ. ತೇವದ ಗಾಳಿ ಹೊರಹೋಗುವ ಕಿಂಡಿ ಮಾತ್ರ ಸರಿಯಾಗಿರಬೇಕು, ಇಲ್ಲದಿದ್ದರೆ ಒಳಗೇ ಬೆವರುತ್ತೆ.

ಹಗಲು ಪಾಲಿಹೌಸಿನಲ್ಲಿ, ಮೋಡ ಬಂದಾಗ ಮತ್ತು ಕೊನೆ ಹಂತಕ್ಕೆ ಹೀಟ್ ಪಂಪಿನಲ್ಲಿ ಒಣಗಿಸಿದರೆ ಎರಡೂ ಸೇರಿ ನಮ್ಮ ಸೀಮೆಗೆ ಒಪ್ಪುತ್ತವೆ.

ಕೊಟೇಶನ್‌ಗೆ ಸಹಿ ಹಾಕುವ ಮೊದಲು ಕೇಳಿ

1. ಒಂದು ಯೂನಿಟ್‌ಗೆ ಎಷ್ಟು ಕೆಜಿ ನೀರು ತೆಗೆಯುತ್ತೆ? "ಶೇ. 75 ಉಳಿತಾಯ" ಅನ್ನೋ ಮಾತು ಬೇಡ, ನಿಮ್ಮದೇ ಕಾಯಿ ತಗೊಂಡು ಹೋಗಿ ಒಂದು ಲೋಡ್ ಒಣಗಿಸಿ, ಮೊದಲು ಮತ್ತು ಆಮೇಲೆ ಮೀಟರ್ ನೋಡಿ.
2. ತೆರೆದ ಬಗೆಯೋ, ಮುಚ್ಚಿದ ಬಗೆಯೋ, ಅರ್ಧ ತೆರೆದದ್ದೋ? ಗಾಳಿಯ ಪಟ್ಟಿಯನ್ನು ಕೈಯಾರೆ ಹೊಂದಿಸಬಹುದಾ?
3. "500 ಕೆಜಿ" ಅಂದ್ರೆ ಯಾವ ಬೆಳೆಯದ್ದು? ಮೆಣಸಿನಕಾಯಿ ಹಗುರ, ಜಾಗ ಹೆಚ್ಚು ತಿನ್ನುತ್ತೆ. ಟ್ರೇ ಎಷ್ಟು, ಒಂದೊಂದರ ಅಳತೆ ಎಷ್ಟು ಅಂತ ಬರೆಸಿಕೊಳ್ಳಿ.
4. ಮೇಲಿನ ಟ್ರೇ, ಕೆಳಗಿನ ಟ್ರೇ ಒಂದೇ ಹೊತ್ತಿಗೆ ಒಣಗುತ್ತಾ? ಓಡುತ್ತಿರುವ ಯಂತ್ರದ ಬಾಗಿಲು ತೆಗೆಸಿ ನೋಡಿ.
5. ಸಿಂಗಲ್ ಫೇಸಾ, ತ್ರೀ ಫೇಸಾ? ಮಧ್ಯೆ ಕರೆಂಟು ಹೋದರೆ ಏನು ಮಾಡಬೇಕು? ಬೆಚ್ಚಗಿನ, ತೇವದ, ಗಾಳಿಯಾಡದ ಪೆಟ್ಟಿಗೆ ಅಂದ್ರೆ ಬೂಷ್ಟಿಗೆ ತೊಟ್ಟಿಲು ಇದ್ದ ಹಾಗೆ. ನಾಲ್ಕು ತಾಸು ಕರೆಂಟು ಇಲ್ಲದಿದ್ದರೆ ಬಾಗಿಲು ತೆಗೆದಿಡಲೇಬೇಕು. ಫ್ಯಾನಾದರೂ ಓಡುವಷ್ಟು ಜನರೇಟರ್ ಇರಲಿ.
6. ಕೆಟ್ಟರೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ, ಎಷ್ಟು ದಿನದಲ್ಲಿ? ಬಳ್ಳಾರಿಯ ಎಸಿ ಮೆಕ್ಯಾನಿಕ್ ಗ್ಯಾಸ್ ತುಂಬಬಲ್ಲನಾ? ಸುಗ್ಗಿಯಲ್ಲಿ ಹತ್ತು ದಿನ ಯಂತ್ರ ನಿಂತರೆ ಆ ವರ್ಷದ ಲಾಭ ಹೋದ ಹಾಗೇ.
7. ಕಾಯಿಲ್ ಸ್ವಚ್ಛ ಮಾಡೋಕೆ ಕೈ ಹೋಗುತ್ತಾ? ಕಾರದ ಪುಡಿ, ನಮ್ಮ ಕೆಂಪು ದೂಳು ಎರಡೂ ಕಾಯಿಲ್ ಕಟ್ಟಿಬಿಡುತ್ತವೆ. ಫಿಲ್ಟರ್ ವಾರಕ್ಕೊಮ್ಮೆ ತೊಳೆಯಬೇಕು.

ಕರೆಂಟಿನ ಬಗ್ಗೆ ಇನ್ನೊಂದು ಮಾತು. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕೊಡುವ ಉಚಿತ ಕರೆಂಟಿನಲ್ಲಿ ಡ್ರೈಯರ್ ಓಡಿಸುವ ಯೋಚನೆ ಬೇಡ. ಅದು ಹೊತ್ತು ಹೊತ್ತಿಗೆ ಬರುವ ಕರೆಂಟು, ಒಣಗಿಸುವ ಕೆಲಸಕ್ಕೆ ಹೊಂದಲ್ಲ, ನಿಯಮಕ್ಕೂ ಹೊಂದಲ್ಲ. ಬೇರೆ ಸಂಪರ್ಕ ತೆಗೆದುಕೊಳ್ಳಬೇಕು. ಎಷ್ಟು ಠೇವಣಿ, ಯಾವ ದರ ಅನ್ನೋದನ್ನು ಜೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೇಳಿಕೊಂಡು, ಮೇಲಿನ ಲೆಕ್ಕದ ₹7.50 ಜಾಗದಲ್ಲಿ ಆ ದರ ಹಾಕಿ ಇನ್ನೊಮ್ಮೆ ಕೂಡಿಸಿ.

ಸಹಾಯಧನ

ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪ್ರಧಾನಮಂತ್ರಿ ಯೋಜನೆಯಲ್ಲಿ ಶೇ. 35, ಅದರ ಮೇಲೆ ರಾಜ್ಯದಿಂದ ಶೇ. 15, ಒಟ್ಟು ಶೇ. 50ರವರೆಗೆ, ಗರಿಷ್ಠ ₹15 ಲಕ್ಷ ಸಹಾಯಧನಕ್ಕೆ ಅವಕಾಶ ಮಾಡಲಾಗಿದೆ. ಇದು ಬ್ಯಾಂಕ್ ಸಾಲದ ಜೊತೆ ಬರುವ ಸಹಾಯಧನ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್. "ಒಂದು ಜಿಲ್ಲೆ ಒಂದು ಉತ್ಪನ್ನ" ಪಟ್ಟಿಯಲ್ಲಿ ಬಳ್ಳಾರಿಗೆ ಬಂದಿರುವುದು ಅಂಜೂರವೇ. ಕೃಷಿ ಮೂಲಸೌಕರ್ಯ ನಿಧಿಯಲ್ಲಿ ₹2 ಕೋಟಿವರೆಗಿನ ಸಾಲಕ್ಕೆ ಏಳು ವರ್ಷದವರೆಗೆ ಶೇ. 3 ಬಡ್ಡಿ ರಿಯಾಯಿತಿ ಇದೆ. ಈ ಹೊತ್ತಿಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಕೃಷಿ, ತೋಟಗಾರಿಕೆ ಇಲಾಖೆಯಲ್ಲಿ ಮೊದಲು ವಿಚಾರಿಸಿ. ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತಾಂತ್ರಿಕ ಸಲಹೆ ಕೇಳಬಹುದು.

ಸಹಾಯಧನ ಸಿಗುತ್ತೆ ಅಂತ ಬೇಡದ ಯಂತ್ರ ಕೊಳ್ಳಬೇಡಿ. ಅರ್ಧ ಬೆಲೆಗೆ ಬಂದ ಯಂತ್ರವೂ ಕೊಟ್ಟಿಗೆಯಲ್ಲಿ ನಿಂತರೆ ಪೂರ್ತಿ ನಷ್ಟವೇ.

ಕುರುಗೋಡಿನ ರೈತರಿಗೆ ಹೇಳಿದ್ದು

ಅವರಿಗೆ ಮತ್ತೆ ಫೋನ್ ಮಾಡಿ ಹೇಳಿದೆವು. ಐದು ಎಕರೆ ಮೆಣಸಿನಕಾಯಿಗೋಸ್ಕರ ಒಬ್ಬರೇ ಆರು ಲಕ್ಷದ ಯಂತ್ರ ತಗೋಬೇಡಿ. ಈ ವರ್ಷ ಎತ್ತರದ ಬಲೆ ಹಾಸು, ಒಂದು ಸಣ್ಣ ಪಾಲಿಹೌಸ್ ಮಾಡಿ. ಅಂಜೂರ 20 ಕೆಜಿ ಒಣಗಿಸಿ ದರ ಕೇಳಿ. ದರ ಒಪ್ಪಿಗೆ ಆದರೆ, ಅಂಜೂರ ಇರುವ ಇನ್ನೂ ನಾಲ್ಕೈದು ಜನರನ್ನು ಅಥವಾ ನಿಮ್ಮ ಕಡೆಯ ರೈತ ಉತ್ಪಾದಕ ಕಂಪನಿಯನ್ನು ಸೇರಿಸಿಕೊಂಡು ಅರ್ಧ ತೆರೆದ ಬಗೆಯ ಒಂದು ಯಂತ್ರ ತನ್ನಿ. ಅಂಜೂರ ಇಲ್ಲದ ದಿನ ಮೆಣಸಿನಕಾಯಿ, ಅದೂ ಇಲ್ಲದ ದಿನ ಕರಿಬೇವು, ನುಗ್ಗೆಸೊಪ್ಪು, ಹೆಣ್ಣುಮಕ್ಕಳ ಸಂಘದ ಸಂಡಿಗೆ ಹೀಗೆ ವರ್ಷಕ್ಕೆ ನೂರಿಪ್ಪತ್ತು ದಿನ ಅದು ಓಡಬೇಕು. ಅಷ್ಟು ದಿನದ ಕೆಲಸ ಕಾಗದದ ಮೇಲೆ ಬರೆಯೋಕೆ ಆದರೆ ಮಾತ್ರ ಸಹಿ ಹಾಕಿ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಬ್ಯಾಂಕಿನವರಿಗೆ ಈ ಸಲ ಬ್ಯಾಡ ಅಂತ ಹೇಳ್ತೀನಿ ಸರ್. ಪಕ್ಕದ ಹೊಲದವರ್ನ ಮೊದಲು ಕೇಳ್ತೀನಿ," ಅಂದ್ರು.

ನಿಮ್ಮ ಹೊಲ, ನಿಮ್ಮ ಬೆಳೆ ಬೇರೆ ಇರಬಹುದು. ಲೆಕ್ಕದ ದಾರಿ ಇದೇ: ಎಷ್ಟು ನೀರು ತೆಗೆಯಬೇಕು, ಅದರಲ್ಲಿ ಬಿಸಿಲು ಎಷ್ಟು ತೆಗೆಯುತ್ತೆ, ಉಳಿದದ್ದಕ್ಕೆ ಯಂತ್ರ ಎಷ್ಟು ದಿನ ಓಡುತ್ತೆ. ಈ ಮೂರನ್ನೂ ಬರೆದ ಮೇಲೆ ಯಾವ ಬಗೆ ಅನ್ನೋದು ತಾನಾಗಿಯೇ ತಿಳಿಯುತ್ತೆ.